ಇಳಿತದ ನೀರು

"ಏಳನೇ ಕ್ಲಾಸಿಗೇ ಶಾಲೆ ಬಿಟ್ಟ ಪುಣ್ಯಾತ್ಮ ನಮಗೆ ಸಮುದ್ರದ ಪಾಠ ಹೇಳ್ತಾನಾ?" ಎಂದು ಕಾರ್ಖಾನೆಯ ಮ್ಯಾನೇಜರ್ ತುಂಬಿದ ಸಭೆಯಲ್ಲಿ ನಕ್ಕ. ಸಂರಕ್ಷಿತ ಕೊಲ್ಲಿಯ ಹವಳ ಸಾಯುತ್ತಿರುವುದು ಕಾರ್ಖಾನೆಯ ಕೊಳವೆಯಿಂದಲೇ ಎಂದಿದ್ದ ದೋಣಿಯವನ ಮುಷ್ಟಿ ಬಿಗಿಯಿತು.

ಅಷ್ಟರಲ್ಲಿ, ಕೊಲ್ಲಿಯ ನೀರು ಪರೀಕ್ಷಿಸಲು ಬಂದಿದ್ದ, ಅವನು ಅಕ್ಕ ಎಂದೇ ಕರೆಯುತ್ತಿದ್ದ ವಿಜ್ಞಾನಿ ಎದ್ದು, ಅವನು ತಂದಿದ್ದ ಕಂದು ನೀರಿನ ಬಾಟಲಿಯನ್ನು ಮೇಜಿನ ನಡುವೆ ಇಟ್ಟಳು. "ಓದಿದ ನಾವು ದೋಣಿಗೆ ಸಲೀಸು ಅಂತ ಉಬ್ಬರದಲ್ಲೇ ನೀರು ತುಂಬಿಸ್ಕೊಂಡ್ವಿ. ತುಂಬಿದ ನೀರಲ್ಲಿ ಹೊಲಸೆಲ್ಲ ತೆಳುವಾಗಿ ಪರೀಕ್ಷೆಗೆ ಸಿಗಲೇ ಇಲ್ಲ. ಇವನು ಇಳಿತದಲ್ಲಿ ಕೆಸರು ತುಳ್ಕೊಂಡು ಹೋಗಿ ಕೊಳವೆ ಬಾಯಿಂದಲೇ ತಂದ. ವರದಿಯಲ್ಲಿ ಮೊದಲ ಹೆಸರು ಇವನದೇ."

ಮ್ಯಾನೇಜರನ ಮುಖ ಇಂಗು ತಿಂದ ಮಂಗನಂತಾಯಿತು. "ಯಾರಪ್ಪಾ ನಿಂಗೆ ಇದೆಲ್ಲ ಹೇಳ್ಕೊಟ್ಟಿದ್ದು?"

ಹುಟ್ಟಿದಾಗಿನಿಂದ ಅವನ ಪರವಾಗಿ ಯಾರೂ ಹೀಗೆ ಎದ್ದು ನಿಂತಿರಲಿಲ್ಲ. ನಾಲಿಗೆಯ ತುದಿಗೆ ಬಂದಿದ್ದ ಬೈಗುಳವನ್ನು ನುಂಗಿಕೊಂಡು, ಅಕ್ಕನನ್ನು ಒಮ್ಮೆ ಕಣ್ತುಂಬ ನೋಡಿ, ಇಳಿತದ ಹೊತ್ತಾಯಿತೆಂದು ಹೊರನಡೆದ.