ಕಲ್ಲಿದ್ದಲು ಸ್ಥಾವರದ ನಿರ್ಣಯ

"ಪರವಾಗಿರೋರು ಕೈ ಎತ್ತಿ," ಎಂದರು ನಗರಸಭೆಯ ಅಧ್ಯಕ್ಷರು. ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಏರುತ್ತಿದೆ, ಊರಿನ ಕಲ್ಲಿದ್ದಲು ವಿದ್ಯುತ್ ಸ್ಥಾವರವನ್ನು ಮುಚ್ಚಬೇಕು ಎಂಬ ನಿರ್ಣಯ ಮುಂದಿನ ಸಾಲಿನಲ್ಲಿ ಕೂತಿದ್ದ ಸದಸ್ಯೆಯದೇ. ಅದಕ್ಕಾಗಿ ವರ್ಷಗಟ್ಟಲೆ ಮನೆಮನೆ ಅಲೆದು ಬೈಸಿಕೊಂಡಿದ್ದಳು. ಆದರೆ ಅವಳ ಕೈ ಮೇಜಿನ ಮೇಲೆಯೇ ಉಳಿಯಿತು. ಎದುರಿನ ಗ್ಯಾಲರಿಯಲ್ಲಿ, ಸ್ಥಾವರದ ಕೆಲಸಗಾರರ ನಡುವೆ, ಅವಳ ಅಣ್ಣ ಕೂತಿದ್ದ. ಬಾಯ್ಲರ್ ನೋಡಿಕೊಳ್ಳುವುದು ಬಿಟ್ಟರೆ ಅವನಿಗೆ ಬೇರೆ ಕೆಲಸ ಗೊತ್ತಿರಲಿಲ್ಲ.

"ನೋಡೋ, ನಿನ್ ತಂಗೀನೇ ನಿನ್ನ ಬೀದಿಗೆ ತಳ್ತಾಳೆ!" ಎಂದು ಅಲ್ಲಿ ಯಾರೋ ಕೂಗಿದರು.

"ಏನ್ ಮೇಡಂ, ನಿಮ್ಮದೇ ನಿರ್ಣಯ ಕಣ್ರೀ. ನಿದ್ದೆ ಬಂತಾ?" ಪಕ್ಕದ ಸದಸ್ಯ ನಕ್ಕ. ಅರ್ಧ ಎದ್ದಿದ್ದ ಕೈಗಳೆಲ್ಲ ಅವಳನ್ನು ನೋಡಿ ಕೆಳಗಿಳಿದವು. ಒಬ್ಬ ಎತ್ತಿದ ಕೈಯಿಂದ ತಲೆ ಕೆರೆದುಕೊಂಡ.

"ಬಿದ್ದುಹೋಯ್ತು. ಮುಂದಿನ ವಿಷಯ, ಪಾರ್ಕಿಂಗ್," ಎಂದರು ಅಧ್ಯಕ್ಷರು.

ಅಣ್ಣನ ಕೆಲಸವಾದರೂ ಉಳಿಯಿತಲ್ಲ ಎಂದುಕೊಂಡು ಅವಳು ಗ್ಯಾಲರಿಯತ್ತ ನೋಡಿದಳು. ಅವನನ್ನೇ ಬೈಯುತ್ತಿದ್ದ ಜೊತೆಗಾರರ ಮಧ್ಯೆ ಅಣ್ಣ ಎದ್ದು ನಿಂತಿದ್ದ. ಕಣ್ಣು ಅವಳ ಮೇಲೆಯೇ ಇತ್ತು. ಬಲಗೈಯನ್ನು ನೆಟ್ಟಗೆ ಮೇಲೆತ್ತಿದ್ದ.

"ಏನ್ರೀ, ಕೈ ಇಳಿಸಿ," ಎಂದು ಕಾವಲುಗಾರ ಗದರಿದ. "ಗ್ಯಾಲರಿಯವರ ಕೈ ಲೆಕ್ಕಕ್ಕೆ ಬರಲ್ಲ."