ಕ್ಯಾಮೆರಾಕ್ಕೆ ಬೊಟ್ಟು

ಇನ್ನು ಮುಂದೆ ಮ್ಯಾನೇಜರುಗಳ ಕೆಲಸವನ್ನೂ ಕಂಪ್ಯೂಟರಿನ ಕ್ಯಾಮೆರಾ ನೋಡುತ್ತಿರುತ್ತದೆ ಎಂದು ಹೆಡ್ಡಾಫೀಸಿನಿಂದ ಆದೇಶ ಬಂದಾಗಿನಿಂದ ಶಾಖೆಯ ಮ್ಯಾನೇಜರ್ ಮಂದಾಕಿನಿಗೆ ಒಂದೇ ಚಿಂತೆ. ಹೊಸ ತಂತ್ರಾಂಶದ ಮುಂದೆ ತಾನು ತಡವರಿಸುವುದು ಹೆಡ್ಡಾಫೀಸಿನವರಿಗೆ ಕಂಡರೆ ಕೆಲಸ ಹೋದಂತೆಯೇ. ಕೊನೆಗೆ ಹಣೆಯ ಬೊಟ್ಟನ್ನೇ ಕಿತ್ತು ಕ್ಯಾಮೆರಾಕ್ಕೆ ಅಂಟಿಸಿದಳು.

ಆ ವಾರವೇ ಹೆಡ್ಡಾಫೀಸಿನ ದೊಡ್ಡ ಮೇಡಂ ಖುದ್ದಾಗಿ ಬಂದರು. ಬಂದವರೇ ಬಾಗಿಲು ಹಾಕಿ, ಕಂಪ್ಯೂಟರಿನತ್ತ ಬಾಗಿದರು.

"ಏನ್ರೀ ಇದು?"

"ಮುಖ ತೊಳ್ಯೋವಾಗ... ಕನ್ನಡಿ ಅಂದ್ಕೊಂಡು ಅಂಟಿಸ್ಬಿಟ್ಟೆ ಮೇಡಂ."

"ಆಫೀಸಿನ ಮೇಜಿನ ಮೇಲೆ ಮುಖ ತೊಳೀತೀರಾ?"

ಮಂದಾಕಿನಿ ಬೊಟ್ಟು ಕೀಳಲು ಕೈ ಚಾಚಿದಳು.

ಮೇಡಂ ಒಮ್ಮೆ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿದರು.

"ಇನ್ನೊಂದು ಬೊಟ್ಟು ಇದ್ರೆ ಕೊಡ್ರೀ. ನನ್ನ ಕಂಪ್ಯೂಟರಿಂದು ನಿನ್ನೆ ಉದುರಿಹೋಯ್ತು."