ನಾಗವೇಣಿಯ ಕಣ್ಣು

ಕಮಲಾಕ್ಷಮ್ಮನವರ ಹಿತ್ತಲಿನ ಬದನೆಗಿಡಗಳು ಹೂ ಬಿಟ್ಟ ದಿನ ಪಕ್ಕದ ಮನೆಯ ನಾಗವೇಣಿ ಕಾಂಪೌಂಡಿನಾಚೆಯಿಂದ ಇಣುಕಿ, "ಅಬ್ಬಾ, ಎಷ್ಟು ಚೆನ್ನಾಗಿ ಬಂದಿದೆ ರೀ!" ಎಂದಿದ್ದಳು. ಅಷ್ಟು ಸಾಕಾಯಿತು. ವಾರದೊಳಗೆ ಎಲೆಗಳೆಲ್ಲ ಜೋತುಬಿದ್ದವು.

ಕಮಲಾಕ್ಷಮ್ಮನವರೇನು ಕೈಕಟ್ಟಿ ಕೂರುವವರೇ? ನಾಗವೇಣಿ ಹೊಗಳಿದ ದಿನದಿಂದಲೇ ದಿನಾ ಸಂಜೆ ಕಲ್ಲುಪ್ಪು ಹಿಡಿದು ಒಂದೊಂದು ಗಿಡಕ್ಕೂ ದೃಷ್ಟಿ ತೆಗೆದಿದ್ದರು. ಗಿಡ ಬಾಡಿದಷ್ಟೂ ಉಪ್ಪು ಹೆಚ್ಚಿಸಿದರು. ಆದರೂ ಕೊನೆಯ ಗಿಡವೂ ಒಣಗಿ ನಿಂತಿತು.

"ಅವಳದು ಕಣ್ಣಲ್ಲ ಕಣೇ, ಕೆಂಡ! ಇಷ್ಟು ದೃಷ್ಟಿ ತೆಗೆದ್ರೂ ಬಿಡ್ಲಿಲ್ಲ ನೋಡು."

ಸೊಸೆ ಒಣಗಿದ ಗಿಡವನ್ನೊಮ್ಮೆ, ಅತ್ತೆಯನ್ನೊಮ್ಮೆ ನೋಡಿದಳು. "ಅತ್ತೆ, ದೃಷ್ಟಿ ತೆಗೆದ ಉಪ್ಪನ್ನ ಎಲ್ಲಿ ಹಾಕ್ತಿದ್ರಿ?"

"ದಾರೀಲಿ ಹಾಕಿ ಯಾರಾದ್ರೂ ತುಳಿದ್ರೆ ಪಾಪ ನಮಗೆ ಸುತ್ಕೊಳಲ್ವಾ? ನೀರಲ್ಲಿ ಕರಗಿಸಿ ಗಿಡದ ಬುಡಕ್ಕೇ ಹಾಕ್ತಿದ್ದೆ."